ನೋವಿಲ್ಲದ ಗಂಟು

ನಾಗರಪಂಚಮಿಯ ಹಿಂದಿನ ದಿನ ಬಂಟ್ವಾಳ ಪೇಟೆಯ ನಡುವಿನಿಂದ ನಾನು ಸಾಧಾರಣವಾಗಿ ಹೋಗುವುದಿಲ್ಲ. ಹೋಗಲೇಬೇಕಾದರೆ ಹೊಳೆಬದಿಯ ದಾರಿ ಹಿಡಿದು ಸುತ್ತಿಕೊಂಡು ಹೋಗುತ್ತೇನೆ. ಈ ವರ್ಷ ಎಡಗಾಲಿನ ಹಿಮ್ಮಡಿಯಲ್ಲಿ ಹೊಸದಾಗಿ ಶುರುವಾದ ಒಂದು ಸೆಳೆತ ನರದ್ದೋ ಎಲುಬಿನದ್ದೋ ಎಂದು ತೀರ್ಮಾನಿಸಲಾಗದೆ, ತಲೆ ತಗ್ಗಿಸಿ ನಡೆಯುತ್ತಿದ್ದವನು ಸೀದಾ ಹೂ ಮಾರುವವರ ನಡುವೆ ಹೋಗಿ ನಿಂತಿದ್ದೆ. ಗೋಣಿಯ ಮೇಲೆ ಅರಸಿನ ಎಲೆಯ ಕಟ್ಟುಗಳು, ಅಡಿಕೆಯ ಹಿಂಗಾರ, ಪಕ್ಕದಲ್ಲಿ ಮಳೆನೀರು ತೊಟ್ಟಿಕ್ಕುವ ಕೇದಗೆ. ಆ ಪರಿಮಳ ಮೂಗಿಗೆ ಬಡಿದದ್ದೇ ಹಿಮ್ಮಡಿ ಮರೆತುಹೋಯಿತು. ಹೂವಿನ ಹೆಂಗಸು, ನಾಗನಿಗೆ ಪ್ರೀತಿಯಾದದ್ದು, ಒಂದು ತೆಕೊಳ್ಳಿ ಎಂದಳು. ಬೇಡ ಎನ್ನಲು ಬಾಯಿ ತೆರೆದವನು ತೆಗೆದುಕೊಂಡೆ.

ಕೇದಗೆ ಎಂದರೆ ಎಲ್ಲರಿಗೂ ನಾಗನ ನೆನಪಾಗುತ್ತದೆ. ನನಗೆ ಅಕ್ಕನ ನೆನಪಾಗುತ್ತದೆ. ಅರವತ್ತರ ದಶಕ ಇನ್ನೂ ಹೊಸತಾಗಿದ್ದಾಗಿನ ಒಂದು ಮಳೆಗಾಲದ್ದು.

ಆಗ ನಾನು ಬಂಟ್ವಾಳದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ಪೇಟೆಯ ಒಂದು ಅಂಗಡಿಯ ಮಾಳಿಗೆಯಲ್ಲಿ ಕೋಣೆ. ನೇತ್ರಾವತಿ ಪ್ರತಿ ಮಳೆಗಾಲವೂ ಪೇಟೆಯೊಳಗೆ ಬಂದು ಹೋಗುವವಳು. ಊರವರಿಗೆ ಅದು ನೆಂಟರು ಬಂದ ಹಾಗೆ. ಸಾಮಾನನ್ನು ಅಟ್ಟಕ್ಕೇರಿಸಿ, ಬೀದಿಗೆ ದೋಣಿ ತರಿಸಿ, ಎಲೆಯಡಿಕೆ ಹಾಕಿಕೊಂಡು ನೀರು ಇಳಿಯುವುದನ್ನು ಕಾಯುತ್ತಿದ್ದರು. ನಾನು ಮಾತ್ರ ಜೂನ್ ತಿಂಗಳ ಮೊದಲ ಗುಡುಗಿಗೇ ಟ್ರಂಕನ್ನು ಮಂಚದ ಮೇಲಿಟ್ಟು, ನಾನು ಕೆಳಗೆ ಮಲಗುತ್ತಿದ್ದೆ. ನೀರು ಬಂದರೆ ಮೊದಲು ಮುಳುಗುವವನು ನಾನೇ ಎಂಬುದು ಯಾರೋ ತೋರಿಸಿಕೊಟ್ಟ ಮೇಲೆ ಹೊಳೆದದ್ದು.

ಶನಿವಾರ ಕಚೇರಿ ಮುಗಿದರೆ ಮೂಡಬಿದ್ರಿಯ ಬಸ್ಸು ಹಿಡಿದು ತೋಡಾರಿನ ಮನೆಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಅಕ್ಕ ಜಲಜಕ್ಕ ಮತ್ತು ಅವಳ ಮಗಳು ವಾರಿಜ. ಭಾವ ಮುಂಬಯಿಯ ಹೋಟೆಲೊಂದರಲ್ಲಿ ಇದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ನಮ್ಮದು ಅಳಿಯಕಟ್ಟು. ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಹೋಗುತ್ತದೆ. ಅದನ್ನು ಕಾಯುವುದು, ಅಕ್ಕತಂಗಿಯರ ಕಷ್ಟಸುಖ ನೋಡುವುದು, ಸೊಸೆಯಂದಿರಿಗೆ, ಅಂದರೆ ಅವರ ಹೆಣ್ಣುಮಕ್ಕಳಿಗೆ, ಮದುವೆ ಮಾಡಿಸುವುದು ಸೋದರಮಾವನ ತಲೆಯ ಮೇಲೆ. ಈ ಏರ್ಪಾಡು ಮಾಡಿದ ಹಿರಿಯರು ನನ್ನಂಥ ಮಾವನನ್ನು ಕಂಡಿರಲಿಕ್ಕಿಲ್ಲ. ರಾತ್ರಿ ನಾಯಿ ಬೊಗಳಿದರೆ ಬಾಗಿಲ ಅಗಳಿ ಹಾಕಿದೆಯೇ ಎಂದು ಎದ್ದು ನೋಡುವವಳು ಅಕ್ಕ. ನಾನು ಒಳಗಿನಿಂದ, ಹಾಕಿದೆಯಾ, ಸರಿಯಾಗಿ ನೋಡಿದೆಯಾ ಎಂದು ಕೇಳುವವನು.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ದೊಡ್ಡ ನಗುವಿನ ಹೆಂಗಸು. ಮಳೆಗೆ ತಲೆಯಿಂದ ಬೆನ್ನಿಗೆ ಓಲೆಯ ಗೊರಬು ಇಳಿಬಿಟ್ಟು ಗದ್ದೆಗೆ ಇಳಿದರೆ ಆಳುಗಳಿಗಿಂತ ಮುಂದಿರುತ್ತಿದ್ದಳು. ನೇಜಿ, ಅಂದರೆ ಭತ್ತದ ಸಸಿ, ನೆಡುವ ದಿನ ಮೊದಲ ಹಿಡಿಯನ್ನು ಮನೆಯ ಹೆಂಗಸೇ ನೆಡಬೇಕು. ಆ ವರ್ಷ ಅವಳು ಗದ್ದೆಬದಿಯ ಹುಣಿಯ ಮೇಲೆ ನಿಂತು ವಾರಿಜಳಿಂದ ನೆಡಿಸಿದಳು. ಬಲಗೈ ಉಳುಕಿದೆ, ಅಕ್ಕಿ ಕುಟ್ಟುವಾಗ ಒನಕೆ ತಾಗಿತು ಎಂದಳು. ನಾನು ಬಿಡಲಿಲ್ಲ. ನಮ್ಮ ಕಚೇರಿಯ ಒಬ್ಬರಿಗೆ ಹೀಗೆಯೇ ಕೈ ನೋವು ಅಂತ ಶುರುವಾದದ್ದು ಎದೆಗೆ ಹೋಗಿ, ಮೂರನೇ ದಿನ ತೀರಿಕೊಂಡರು ಎಂದು ಹೇಳಿದೆ.

‘ನಿನ್ನ ಆಫೀಸಿನಲ್ಲಿ ಬದುಕಿದವರು ಯಾರಾದ್ರೂ ಕೆಲಸ ಮಾಡ್ತಾರಾ ಮಾರಾಯ?’ ಎಂದಳು ಅಕ್ಕ. ಗದ್ದೆಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಕೈಯ ಮಾತು ಅಲ್ಲಿಗೆ ಮುಗಿಯಿತು.

ನನ್ನ ಹೆದರಿಕೆಗಳಿಗೆ ಮನೆಯಲ್ಲಿ ಇದ್ದ ಬೆಲೆ ಅಷ್ಟೇ. ಅದು ನ್ಯಾಯವೂ ಹೌದು. ದಿನಾ ಕೂಗುವ ಕೋಳಿಯ ಕೂಗಿಗೆ ಯಾರು ಕಿವಿ ಕೊಡುತ್ತಾರೆ?

ಮಳೆಗಾಲಕ್ಕೆ ಮೊದಲೇ ವಾರಿಜಳಿಗೆ ಬೆಳ್ತಂಗಡಿ ಕಡೆಯ, ಜಮೀನು ಹೆಸರು ಎರಡೂ ಇದ್ದ ಒಂದು ಗುತ್ತಿನ ಮನೆಯಿಂದ ಸಂಬಂಧ ಬಂದಿತ್ತು. ಒಳ್ಳೆಯ ಮನೆ, ಹುಡುಗ ಓದಿದವನು. ದೀಪಾವಳಿ ಕಳೆದು ನಿಶ್ಚಯ ಮಾಡುವ ಎಂದು ಮಾತಾಗಿತ್ತು. ಅಕ್ಕ ಆ ಸಂಬಂಧವನ್ನು ಹೆಪ್ಪು ಹಾಕಿದ ಹಾಲಿನ ಹಾಗೆ ಅಲುಗಾಡಿಸದೆ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮಬಾರದು ಎಂಬಂತೆ.

ಆಟಿ ತಿಂಗಳು ಶುರುವಾದಾಗ ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಬಂತು. ಕಿವಿಯ ಕೆಳಗೆ, ಗೇರುಬೀಜದಷ್ಟು. ಒತ್ತಿದರೆ ಪ್ರಾಣ ಹೋಗುವಷ್ಟು ನೋವು, ಆದ್ದರಿಂದ ಗಳಿಗೆಗೊಮ್ಮೆ ಒತ್ತಿ ನೋಡುತ್ತಿದ್ದೆ. ಮೂಡಬಿದ್ರಿಯಲ್ಲಿ ನಮಗೆ ಗುರುತಿನ ಎಲ್.ಎಂ.ಪಿ. ಡಾಕ್ಟರೊಬ್ಬರು ಇದ್ದರು. ಒಬ್ಬನೇ ಹೋಗಲು ಧೈರ್ಯ ಸಾಲದೆ ಅಕ್ಕನನ್ನು ಕರೆದೆ. ಆಟಿಯಲ್ಲಿ ಯಾರಾದರೂ ಮದ್ದಿಗೆ ಹೋಗುತ್ತಾರೆಯೇ ಎಂದು ಗೊಣಗಿದರೂ ಹೊರಟಳು. ನಮ್ಮಲ್ಲಿ ಆಟಿ ಎಂದರೆ ಏನನ್ನೂ ಶುರು ಮಾಡದ ತಿಂಗಳು. ಮದುವೆ ಇಲ್ಲ, ಮನೆ ಒಕ್ಕಲಿಲ್ಲ, ದೂರದ ಪ್ರಯಾಣ ಇಲ್ಲ. ಎಲ್ಲದಕ್ಕೂ ‘ಆಟಿ ಕಳೀಲಿ’ ಎಂಬ ಒಂದೇ ಉತ್ತರ.

ಡಾಕ್ಟರು ನನ್ನನ್ನು ಕಂಡದ್ದೇ ಸ್ಟೆತಾಸ್ಕೋಪನ್ನು ಮೇಜಿನ ಮೇಲಿಟ್ಟು ಕುರ್ಚಿಗೆ ಒರಗಿದರು. ಈ ಸಲ ಎಂತ ಎಂದು ಕೇಳಿದರು. ಕುತ್ತಿಗೆ ಒತ್ತಿದರು. ನಾನು ಕೂಗಿದೆ. ಬಾಯಿ ತೆರೆಸಿದರು. ಹಿಂದಿನ ದವಡೆಯ ಹಲ್ಲು ಹುಳುಕಾಗಿದೆ, ಅದರ ಬಾವು ಇದು, ಹಲ್ಲು ಕೀಳಿಸಿದರೆ ಇಳಿಯುತ್ತದೆ ಎಂದರು. ನಾನು ಎದ್ದು ಅಂಗಿಯ ಗುಬ್ಬಿ ಹಾಕಿಕೊಳ್ಳುತ್ತಿದ್ದೆ. ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಸೆರಗು ಸರಿಮಾಡಿಕೊಂಡು ಕೇಳಿದಳು:

‘ಡಾಕ್ಟ್ರೇ, ಗಂಟು ಉಂಟು, ಆದ್ರೆ ಸ್ವಲ್ಪವೂ ನೋವಿಲ್ಲ. ಹಾಗಾದ್ರೆ ಹೆದರ್ಲಿಕ್ಕೆ ಇಲ್ಲ ಅಲ್ವಾ?’

ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ‘ನೋವಿಲ್ಲದ ಗಂಟಿಗೇ ಹೆದರಬೇಕು. ಯಾರಿಗೆ?’

‘ನೆರೆಮನೆಯ ಒಂದು ಹೆಂಗಸಿಗೆ.’

‘ಎಲ್ಲಿ ಉಂಟು ಗಂಟು?’

ಅಕ್ಕ ಸೆರಗನ್ನು ಇನ್ನೊಮ್ಮೆ ಎಳೆದುಕೊಂಡಳು. ಡಾಕ್ಟರು ಅವಳನ್ನೇ ನೋಡಿ, ನಾಳೆಯೇ ಆ ಹೆಂಗಸನ್ನು ಕರೆದುಕೊಂಡು ಬನ್ನಿ, ನಾಚಿಕೆ ಮಾಡುವುದು ಬೇಡ ಎಂದರು. ಅಕ್ಕ ತಲೆಯಾಡಿಸಿದಳು.

ನಾನು ಹೊರಗೆ ಬಂದದ್ದು ಗಾಳಿಯಲ್ಲಿ ತೇಲಿಕೊಂಡು. ನನ್ನದು ನೋವಿರುವ ಗಂಟು! ದಾರಿಯಲ್ಲಿ ಎರಡು ಸಲ ಒತ್ತಿ, ನೋವು ಇನ್ನೂ ಅಲ್ಲೇ ಉಂಟೆಂದು ಖಾತ್ರಿ ಮಾಡಿಕೊಂಡೆ. ಹೋಟೆಲಿಗೆ ಹೋಗಿ ಗೋಳಿಬಜೆ ತಿಂದೆ. ಅಕ್ಕನ ಪಾಲಿನದ್ದನ್ನೂ ತಿಂದೆ, ಅವಳು ಬೇಡ ಎಂದದ್ದರಿಂದ. ಅವಳ ಮುಂದಿನ ಚಾ ಕೆನೆಕಟ್ಟಿ ಆರಿತು. ನೆರೆಮನೆಯ ಹೆಂಗಸಿನ ಬಗ್ಗೆ ಅಷ್ಟು ಚಿಂತೆ ಯಾಕೆ ಎಂದು ಕೇಳಲಿಕ್ಕೂ ನನಗೆ ತೋರಲಿಲ್ಲ.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಮ್ಮಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರುವುದು. ಅದನ್ನು ಕುಡಿದರೆ ವರ್ಷವಿಡೀ ರೋಗ ಹತ್ತಿರ ಬರುವುದಿಲ್ಲ ಎಂದು ನಂಬಿಕೆ. ಕತ್ತಲಲ್ಲಿ ಪಾಲೆಯೆಂದು ಕಾಸರಕದ ಮರ ಜಜ್ಜಿ ತಂದು ಕುಡಿದು ಸತ್ತವರ ಕಥೆಗಳೂ ಉಂಟು. ಅವೆಲ್ಲ ನನಗೆ ಬಾಯಿಪಾಠ. ಹಾಗಾಗಿ ಉಳಿದವರು ಕುಡಿದು ಸ್ವಲ್ಪ ಹೊತ್ತು ಬದುಕಿದ್ದಾರೋ ಎಂದು ನೋಡಿಯೇ ನಾನು ಲೋಟ ಎತ್ತುವುದು. ಆ ವರ್ಷ ಹಾಗೆ ನೋಡುತ್ತಿದ್ದಾಗ ಅಕ್ಕ ತನ್ನ ಲೋಟ ಮುಗಿಸಿ, ಮತ್ತೊಂದು ತುಂಬಿಸಿ, ಕಣ್ಣು ಮುಚ್ಚಿ ಅದನ್ನೂ ಕುಡಿದಳು. ಅಂಥ ಕಹಿಯನ್ನು ಎರಡನೇ ಸಲ ಕುಡಿದವರನ್ನು ನಾನು ಕಂಡದ್ದಿಲ್ಲ. ಹೊಟ್ಟೆ ಕೆಡುತ್ತದೆ ಅಕ್ಕ ಎಂದೆ. ಮೆಂತೆ ಗಂಜಿ ಉಂಡರೆ ಸರಿಯಾಗ್ತದೆ ಎಂದಳು.

ಪಂಚಮಿಗೆ ಮನೆಗೆ ಬಂದಾಗ ಮನೆಯಿಡೀ ಕೇದಗೆಯ ಪರಿಮಳ. ಹಬ್ಬಕ್ಕೆ ತಂದದ್ದು ಎಂದುಕೊಂಡೆ. ಹಬ್ಬ ಮುಗಿದು ಮುಂದಿನ ಶನಿವಾರ ಬಂದಾಗಲೂ ಅದೇ ಪರಿಮಳ. ಅಕ್ಕ ಮಲ್ಲಿಗೆಯನ್ನೂ ಮುಡಿಯದವಳು. ಈಗ ನೋಡಿದರೆ ತೋಡಿನ ಬದಿಯಿಂದ ಕೇದಗೆ ತರಿಸಿ, ಎಸಳುಗಳನ್ನು ಸೀರೆಗಳ ನಡುವೆ, ದಿಂಬಿನ ಕೆಳಗೆ ಇಡುತ್ತಿದ್ದಳು. ರವಿಕೆಯೊಳಗೂ ಇಟ್ಟುಕೊಳ್ಳುತ್ತಾಳೆ ಎಂದು ವಾರಿಜ ಹೇಳಿ ನಕ್ಕಳು, ಮಗಳ ಮದುವೆಯ ಹೊತ್ತಿಗೆ ಅಮ್ಮನಿಗೆ ಶೋಕಿ ಬಂದಿದೆ ಎಂದು.

ಹದಿನಾರು ವಿಧದ ಹೆದರಿಕೆ ಇಟ್ಟುಕೊಂಡಿದ್ದ ನನಗೆ ಆಗ ಬಂದ ಹೆದರಿಕೆ ಯಾವುದು ಗೊತ್ತೇ? ಹಾವಿನದ್ದು.

‘ಕೇದಗೆಯ ಪರಿಮಳಕ್ಕೆ ಹಾವು ಬರ್ತದೆ ಅಕ್ಕ. ಮನೆಯೊಳಗೆ ಇಡಬೇಡ.’

‘ಬರ್ಲಿ. ನೀನು ಶನಿವಾರ ಬರ್ತಿ, ಅದು ಆದಿತ್ಯವಾರ ಬರ್ಲಿ.’

ನಾನು ಒಂದು ಕೋಲು ಹಿಡಿದು ಮಂಚದ ಕೆಳಗೆ, ಭತ್ತದ ಕಣಜದ ಹಿಂದೆ, ಸ್ನಾನದ ಕೊಟ್ಟಿಗೆಯಲ್ಲಿ ಕೆದಕಿ ನೋಡಿದೆ. ಅಕ್ಕ ಬಾಗಿಲಿಗೆ ಒರಗಿ ನನ್ನನ್ನು ನೋಡುತ್ತಿದ್ದಳು. ಅವಳು ಸಣ್ಣಗಾಗಿದ್ದಳು. ಅದನ್ನೂ ಕಂಡೆ. ಮಳೆಗಾಲದ ಗಂಜಿಯ ಪರಿಣಾಮ ಎಂದುಕೊಂಡೆ.

ಹಾವಿನ ಚಿಂತೆಯಲ್ಲಿ ನನಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಸೋಮವಾರ ಬೆಳಿಗ್ಗೆ ಬಂಟ್ವಾಳಕ್ಕೆ ಹೊರಟವನು ಮೂಡಬಿದ್ರಿಯಲ್ಲಿ ಇಳಿದು ಮತ್ತೆ ಡಾಕ್ಟರಲ್ಲಿಗೆ ಹೋದೆ. ಅವರು ಎದೆಗೆ ಕೊಳವೆ ಇಟ್ಟು, ನಿಮ್ಮ ಎದೆ ನನ್ನದಕ್ಕಿಂತ ಚೆನ್ನಾಗಿದೆ ಮಾರಾಯ್ರೆ ಎಂದು ಎಬ್ಬಿಸಿದರು. ನಾನು ಹೊರಡುವಾಗ ಹಿಂದಿನಿಂದ ಕರೆದರು.

‘ಆ ಹೆಂಗಸು ಬರ್ಲೇ ಇಲ್ಲವಲ್ಲ. ನಿಮ್ಮ ನೆರೆಮನೆಯವರು.’

ಬರುತ್ತಾರೆ, ಹೇಳುತ್ತೇನೆ ಎಂದು ಮೆಟ್ಟಿಲಿಳಿದು ಛತ್ರಿ ಬಿಡಿಸಿದೆ. ಬಿಡಿಸಿದ ಛತ್ರಿಯ ಕೆಳಗೆ ಅಲ್ಲಿಯೇ ನಿಂತುಬಿಟ್ಟೆ. ತೋಡಾರಿನ ನಮ್ಮ ಮನೆಗೆ ನೆರೆಮನೆ ಅಂತ ಇರುವುದು ಒಂದೇ. ಅದರಲ್ಲಿ ಇರುವುದು ಒಬ್ಬ ಮುದುಕ, ಮತ್ತು ಮದುವೆಯಾಗದ ಅವನ ಮಗ.

ಉಳುಕಿದ ಕೈ, ಆರಿದ ಚಾ, ಎರಡನೇ ಲೋಟ, ಕೇದಗೆ. ಎಲ್ಲವನ್ನೂ ನಾನು ಕಂಡಿದ್ದೆ. ನನ್ನ ಕಣ್ಣಿಗೆ ಬೀಳದ ವಿಷಯ ಒಂದೂ ಇರಲಿಲ್ಲ. ಕಚೇರಿಗೆ ಹೋಗುವ ಬಸ್ಸು ಎದುರಿನಿಂದ ಹೋಯಿತು. ನಾನು ಮನೆಯ ಕಡೆಯ ಬಸ್ಸು ಹತ್ತಿದೆ.

ಅಕ್ಕ ಹಿಂದಿನ ಜಗಲಿಯಲ್ಲಿ ಪತ್ರೊಡೆಗೆ ಅಕ್ಕಿ ಅರೆಯುತ್ತಿದ್ದಳು. ಎಡಗೈಯಲ್ಲಿ ಗುಂಡುಕಲ್ಲು ತಿರುಗಿಸುತ್ತಿದ್ದಳು. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಯಾರದ್ದೋ ಕೂಸನ್ನು ಇಟ್ಟುಕೊಂಡ ಹಾಗೆ. ಸೋಮವಾರ ನನ್ನನ್ನು ಕಂಡು ಕಲ್ಲು ನಿಲ್ಲಿಸಿದಳು. ಡಾಕ್ಟರು ನೆರೆಮನೆಯ ಹೆಂಗಸನ್ನು ಕೇಳಿದರು ಎಂದೆ. ನಗಲು ನೋಡಿದಳು. ಆಗಲಿಲ್ಲ.

‘ನಿನ್ನತ್ರ ಹೇಗೆ ಹೇಳುದು? ನಿನ್ನ ಕುತ್ತಿಗೆಗೆ ಒಂದು ಗುಳ್ಳೆ ಬಂದ್ರೆ ಮನೆಯಿಡೀ ಏಳಬೇಕು. ನನ್ನದನ್ನು ಹೇಳಿದ್ರೆ ನಿನ್ನನ್ನು ಹಿಡಿಯುದು ಯಾರು? ನಾನೇ ಅಲ್ವಾ?’

ಆಮೇಲೆ ಬಿಟ್ಟು ಬಿಟ್ಟು ಹೇಳಿದಳು. ಬಲಗಡೆಯ ಎದೆಯಲ್ಲಿ ಗಂಟು ಕಂಡದ್ದು ಹಿಂದಿನ ಸುಗ್ಗಿಯ ಸಮಯಕ್ಕೆ. ನೋವಿಲ್ಲ ಎಂದು ಸುಮ್ಮನಿದ್ದಳು. ಡಾಕ್ಟರ ಮಾತು ಕೇಳಿ ಹೆದರಿ, ಯಾರೋ ಹೇಳಿದ ಒಂದು ಬೇರನ್ನು ಅರೆದು ಹಚ್ಚಿದಳು. ಗಂಟು ಕರಗಲಿಲ್ಲ, ಚರ್ಮ ಒಡೆಯಿತು. ವಾಸನೆ ಶುರುವಾಯಿತು. ಅದಕ್ಕೆ ಕೇದಗೆ.

ಹೊರಡು, ಈಗಲೇ ಮಂಗಳೂರಿಗೆ ಹೋಗುವ ಎಂದೆ. ಅವಳು ಒಪ್ಪಲಿಲ್ಲ. ತಾಯಿಗೆ ಇಂಥದ್ದು ಉಂಟು ಎಂದು ಬೆಳ್ತಂಗಡಿಯವರಿಗೆ ಗೊತ್ತಾದರೆ ಸಂಬಂಧ ಮುರಿಯುತ್ತದೆ; ತಾಯಿಯಿಂದ ಮಗಳಿಗೆ ಮನೆ ಮಾತ್ರ ಬರುವುದೇ, ರೋಗವೂ ಬರುತ್ತದೆ ಅನ್ನುತ್ತಾರೆ. ಆಟಿ ಕಳೆಯಲಿ ಎಂದು ಇಷ್ಟು ದಿನ ಕಾದಿದ್ದಳು. ಈಗ ಕೊಯ್ಲು ಆಗಲಿ ಎಂದಳು. ಕೊಯ್ಲಾದ ಮೇಲೆ ದೀಪಾವಳಿ, ದೀಪಾವಳಿಯ ಮೇಲೆ ನಿಶ್ಚಯ, ಮತ್ತೆ ಮದುವೆ.

‘ಹುಡುಗಿಯ ಧಾರೆ ಒಂದಾಗ್ಲಿ. ಮತ್ತೆ ನೀನು ಎಲ್ಲಿಗೆ ಹೇಳಿದ್ರೂ ಬರ್ತೇನೆ.’

ಅಲ್ಲಿಯವರೆಗೆ ನೀನು ಇರುತ್ತೀಯಾ ಎಂದು ಕೇಳಬೇಕಿತ್ತು. ಜೀವಮಾನವಿಡೀ ಹೆದರಿ ಗದ್ದಲ ಮಾಡಿದವನಿಗೆ ಆ ಹೊತ್ತು ಒಂದು ಸ್ವರವೂ ಹೊರಡಲಿಲ್ಲ. ಅಕ್ಕನಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಅಕ್ಕಿ ಅರೆಯುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

ಬಾಗಿಲ ಹಿಂದೆ ನಿಂತು ವಾರಿಜ ಎಲ್ಲವನ್ನೂ ಕೇಳಿದ್ದಳು. ಮರುದಿನ ಬೆಳಿಗ್ಗೆ ನಾನು ಅಂಗಳಕ್ಕಿಳಿಯುವಾಗ ಛತ್ರಿ ತಂದು ಕೊಟ್ಟಳು. ಎಲ್ಲಿಗೆ ಹೋಗುತ್ತೇನೆಂದು ನಾನು ಹೇಳಿರಲಿಲ್ಲ.

‘ಬೆಳ್ತಂಗಡಿಗೆ ಹೋಗಿ ಹೇಳಿ ಬನ್ನಿ ಮಾವ. ಅವರು ಬೇಡ ಅಂದ್ರೆ ಅಮ್ಮನಿಗೆ ಕಾಯ್ಲಿಕ್ಕೆ ಎಂತದೂ ಉಳಿಯುದಿಲ್ಲ.’

ವೇಣೂರಿನ ದಾರಿಯಲ್ಲಿ ಬಸ್ಸು ಹೋಗುತ್ತಿದ್ದಷ್ಟೂ ಹೊತ್ತು ಹೇಳಬೇಕಾದ ಮಾತನ್ನು ತಿರುಗಿಸಿ ತಿರುಗಿಸಿ ಜೋಡಿಸಿದೆ. ಬೇರೆಯವರು ಸಂಬಂಧ ಕುದುರಿಸಲು ಹೋಗುತ್ತಾರೆ. ಮುರಿಯಲೆಂದೇ ಬಸ್ಸು ಹತ್ತಿದ ಮಾವ ನಾನೊಬ್ಬನೇ ಇರಬೇಕು. ಆ ಮನೆಯ ಚಾವಡಿಯಲ್ಲಿ ಬೆಲ್ಲ ನೀರು ಕೊಟ್ಟರು. ಹುಡುಗನ ಸೋದರಮಾವ, ವಯಸ್ಸಾದವರು, ಎದುರು ಕೂತರು. ಜೋಡಿಸಿದ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೆಲ್ಲದ ತಟ್ಟೆಯನ್ನು ಬದಿಗೆ ಸರಿಸಿ ಕೇಳಿದರು:

‘ನೀವು ಹೇಳದಿದ್ರೆ ನಮಗೆ ಗೊತ್ತಾಗ್ತಿರಲಿಲ್ಲ. ಯಾಕೆ ಹೇಳಿದ್ದು?’

‘ಅವಳು ನಿಮ್ಮ ದೀಪಾವಳಿಗೆ ಕಾಯ್ತಾ ಇದ್ದಾಳೆ. ಗಂಟು ಕಾಯುದಿಲ್ಲ.’

ಊಟ ಮಾಡಿಸಿಯೇ ಕಳಿಸಿದರು. ವಾರ ತುಂಬುವುದರೊಳಗೆ ಸಂಬಂಧ ತಂದವರ ಮೂಲಕ ಮಾತು ಬಂತು: ಹುಡುಗನಿಗೆ ಈಗ ಮದುವೆಯ ಅವಸರ ಇಲ್ಲವಂತೆ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೆದರಿದವರ ಕಷ್ಟ ನನಗೆ ಗೊತ್ತಿಲ್ಲವೇ?

ನೀನು ಕೆಡಿಸಿ ಬಂದೆ ಎಂದಳು ಅಕ್ಕ. ಅಷ್ಟೇ. ಆಮೇಲೆ ನನ್ನ ಹತ್ತಿರ ಮಾತು ಬಿಟ್ಟಳು. ಆದರೆ ಮರುದಿನ ಬೆಳಿಗ್ಗೆ ಎರಡು ಸೀರೆ ಹಾಕಿದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಮಂಗಳೂರಿನ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಪಕ್ಕದಲ್ಲಿ ವಾರಿಜ, ಹಿಂದಿನ ಸೀಟಿನಲ್ಲಿ ನಾನು. ಕೇದಗೆಯ ಪರಿಮಳಕ್ಕೆ ಬಸ್ಸಿನವರು ತಿರುಗಿ ನೋಡುತ್ತಿದ್ದರು. ಗುರುಪುರದ ಸೇತುವೆ ದಾಟುವಾಗ, ಕೆಂಪು ನೀರನ್ನು ನೋಡುತ್ತಾ ತಿರುಗದೆಯೇ ಕೇಳಿದಳು:

‘ನಿನ್ನ ಕುತ್ತಿಗೆಯ ಗಂಟು ಹೋಯ್ತಾ?’

‘ಇಳಿದಿದೆ.’

‘ಹಲ್ಲು ಕೀಳಿಸಿದಿಯಾ?’

‘ಇಲ್ಲ. ಹೆದರಿಕೆ.’

ಅವಳ ಭುಜ ಅಲುಗಿತು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. ‘ನನ್ನದನ್ನು ಕುಯ್ಯಿಸ್ಲಿಕ್ಕೆ ಕರ್ಕೊಂಡು ಹೋಗ್ತಿ, ಒಂದು ಹಲ್ಲು ಕೀಳಿಸ್ಲಿಕ್ಕೆ ಆಗುದಿಲ್ವಾ ನಿನಗೆ?’

ಅಕ್ಕನ ಆಪರೇಷನ್ ಆದ ದಿನ, ಅವಳಿಗೆ ಎಚ್ಚರ ಬರುವ ಮೊದಲು, ಅದೇ ಬೀದಿಯ ಹಲ್ಲಿನ ಡಾಕ್ಟರಲ್ಲಿ ನಾನು ಹಲ್ಲು ಕೀಳಿಸಿಕೊಂಡೆ. ಅವಳು ಕಣ್ಣು ತೆರೆದಾಗ ಬಾಯಿಗೆ ಹತ್ತಿ ತುರುಕಿಕೊಂಡು ಮಂಚದ ಪಕ್ಕ ನಿಂತಿದ್ದೆ. ಮಾತಾಡಲು ಆಗುತ್ತಿರಲಿಲ್ಲ. ಅವಳಿಗೆ ಅದು ಒಳ್ಳೆಯದೇ ಆಯಿತು.

ಆಪರೇಷನ್ ಮಾಡಿದ ಡಾಕ್ಟರು ಕಡಿಮೆ ಮಾತಿನವರು. ಮಳೆಗಾಲದ ಮೊದಲು, ಅದಕ್ಕೂ ಹಿಂದೆ ಗಂಟು ಕಂಡಾಗಲೇ ಬಂದಿದ್ದರೆ ಧೈರ್ಯವಾಗಿ ಒಂದು ಮಾತು ಹೇಳುತ್ತಿದ್ದೆ, ಈಗ ಕೈಯಲ್ಲಿ ಆದಷ್ಟು ತೆಗೆದಿದ್ದೇನೆ ಎಂದರು. ಮಳೆಯಲ್ಲಿ ಹೇಗೋ ಮುಂಬಯಿಯಿಂದ ಬಂದು ಮುಟ್ಟಿದ ಭಾವ ಆ ಮಾತು ಕೇಳಿ ಗೋಡೆಗೆ ಒರಗಿ ಕೂತರು. ಅವರಿಗೂ ಅವಳು ಹೇಳಿರಲಿಲ್ಲ.

ಅಕ್ಕ ಮನೆಗೆ ಬಂದಳು. ಬಲಗೈ ಬಾಳೆದಿಂಡಿನ ಹಾಗೆ ಊದಿಕೊಂಡಿತು, ಇಳಿಯಲಿಲ್ಲ. ಮುಂದಿನ ಬೇಸಗೆಯಲ್ಲಿ ವಾರಿಜಳಿಗೆ ಬೇರೆ ಕಡೆ ಮದುವೆಯಾಯಿತು. ಅವರಿಗೂ ಮೊದಲೇ ಹೇಳಿದ್ದೆವು. ಹುಡುಗ, ನನ್ನ ತಾಯಿಗೆ ದಮ್ಮು ಉಂಟು, ಅದನ್ನೂ ಕೇಳಿಕೊಳ್ಳಿ ಎಂದನಂತೆ. ಧಾರೆಯ ನೀರು ಎರೆಯುವಾಗ ಅಕ್ಕನ ಊದಿದ ಕೈಯ ಕೆಳಗೆ ಭಾವ ತಮ್ಮ ಕೈ ಇಟ್ಟು ಹಿಡಿದರು. ಆಮೇಲೆ ಒಂದು ಆಟಿಯನ್ನು ಅವಳು ಕಂಡಳು. ಪಾಲೆಯ ಕಷಾಯ ಕುಡಿದಳು, ಒಂದೇ ಲೋಟ. ಅದರ ಮುಂದಿನ ಆಟಿಯನ್ನು ಕಾಣಲಿಲ್ಲ.

ಕೊನೆಯ ದಿನಗಳಲ್ಲಿ ನೋಡಲು ಬಂದ ವಾರಿಜಳಿಗೆ ಅಕ್ಕ ಒಂದು ಮಾತು ಹೇಳಿದ್ದಳು. ನಾನು ಹೊರಗೆ ಜಗಲಿಯಲ್ಲಿದ್ದೆ, ನನಗೆ ಕೇಳುತ್ತದೆಂದು ಗೊತ್ತಿದ್ದೇ ಹೇಳಿದ್ದು: ‘ಮೈಯಲ್ಲಿ ಎಂತ ಕಂಡ್ರೂ ಮಾವನಿಗೆ ಹೇಳು. ಹೆದರ್ಲಿಕ್ಕೆ ಅವನಿದ್ದಾನೆ. ನೀನು ಹೆದರ್ತಾ ಕೂರ್ಬೇಡ.’

ಹೀಗೆ ನನ್ನ ರೋಗ ನನ್ನ ಉದ್ಯೋಗವಾಯಿತು.

ವಾರಿಜ ಈಗ ಮೂಡಬಿದ್ರಿಯಲ್ಲಿದ್ದಾಳೆ. ಅವಳ ತಲೆಯಲ್ಲೂ ಬಿಳಿ ಕೂದಲು ಕಂಡಿದೆ. ಪಂಚಮಿಯ ಬೆಳಿಗ್ಗೆ ಕೇದಗೆ ಹಿಡಿದು ಅವಳ ಮನೆಗೆ ಹೋದೆ. ಬಾಗಿಲು ತೆರೆದವಳು ಹೂವನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೆ ಕೈಚಾಚಿ ತೆಗೆದುಕೊಂಡಳು. ಅಡುಗೆಮನೆಯಿಂದ ಅರಸಿನ ಎಲೆಯ ಕಡುಬಿನ ಹಬೆ ಬರುತ್ತಿತ್ತು. ನನ್ನ ಹಿಮ್ಮಡಿಯ ವಿಷಯ ಹೇಳೋಣ ಎಂದು ಕೂತೆ. ಅವಳು ಕೂರಲಿಲ್ಲ.

‘ಮಾವ, ಒಂದು ಹೇಳ್ಲಿಕ್ಕುಂಟು. ನೀವು ಹೆದರ್ಬಾರ್ದು.’

‘ಹೆದರ್ತೇನೆ. ನೀನು ಹೇಳು.’

ಹೇಳಿದಳು. ನಿನ್ನೆ ಸ್ನಾನ ಮಾಡುವಾಗ ಕೈಗೆ ತಾಗಿದ್ದಂತೆ. ನೋವಿಲ್ಲ. ನಾನು ಎದ್ದು ಮೂಲೆಯಲ್ಲಿಟ್ಟಿದ್ದ ಛತ್ರಿ ತೆಗೆದುಕೊಂಡೆ. ಅವಸರದಲ್ಲಿ ಅದು ಅಲ್ಲಿಯೇ ಬಿಡಿಸಿಕೊಂಡಿತು, ಮತ್ತೆ ಮಡಚಿದೆ.

ಹಬ್ಬದ ದಿನ, ಊಟವಾದರೂ ಆಗಲಿ, ಇವತ್ತು ಯಾವ ಡಾಕ್ಟರು ಇರುತ್ತಾರೆ ಎಂದಳು ವಾರಿಜ.

‘ಇಲ್ಲದಿದ್ರೆ ಅವರ ಮನೆಗೆ ಹೋಗುವ. ಈ ಸುತ್ತಿನಲ್ಲಿ ನನಗೆ ಗೊತ್ತಿಲ್ಲದ ಡಾಕ್ಟ್ರ ಮನೆ ಯಾವುದುಂಟು ಹೇಳು.’

ಅವಳು ನಕ್ಕಳು, ಅಕ್ಕನ ಹಾಗೆಯೇ. ಒಲೆಯ ಕೊಳ್ಳಿ ಹೊರಗೆಳೆದು ನೀರು ಚಿಮುಕಿಸಿದಳು. ಕಡುಬು ಬೇಯುವ ಮೊದಲೇ ನಾವು ದಾರಿಯಲ್ಲಿದ್ದೆವು.